ಅಂಗಳದ ಕಲ್ಲು ಎಬ್ಬಿಸಿದ ಬಕ್ರೀದ್

ಆಡಕಿಯ ಆ ರೈತನ ಹಿತ್ತಲಲ್ಲಿ ಅಮ್ಮಿ ಹೋತದ ಬಾಯಿ ಅಗಲಿಸಿ ಹಲ್ಲು ನೋಡಿದಳು. ಕಿವಿಯನ್ನು ಬಿಸಿಲಿಗೆ ಹಿಡಿದು ಎಲ್ಲಾದರೂ ಹರಿದಿದೆಯೇ ಎಂದು ನೋಡಿದಳು. ಕೊಂಬಿನ ಬುಡ ಒತ್ತಿದಳು, ಒಂದು ಕಣ್ಣು ಮುಚ್ಚಿ ಇನ್ನೊಂದರ ಮುಂದೆ ಬೆರಳಾಡಿಸಿದಳು, ಬಾಲ ಎತ್ತಿದಳು, ಗೊರಸು ತಟ್ಟಿದಳು. ಆಮೇಲೆ ಅದನ್ನು ಹಿತ್ತಲ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆಸಿದಳು. ನನಗೆ ವರ ನೋಡುವಾಗ ಇದರ ಅರ್ಧದಷ್ಟು ನೋಡಿದ್ದರೂ ನಾನು ಮದುವೆಯಾದ ಮೂರೇ ವರ್ಷಕ್ಕೆ ತವರಿಗೆ ತಿರುಗಿ ಬರುತ್ತಿರಲಿಲ್ಲ. ಈ ಮಾತನ್ನು ಅಲ್ಲೇ ಅಂದೂಬಿಟ್ಟೆ. ಅಮ್ಮಿ ಹೋತದ ಬೆನ್ನ ಮೇಲಿನ ಕೈ ತೆಗೆಯದೆ, "ಅವಾಗ ನಿಮ್ಮಪ್ಪ ನೋಡಿದ್ದ, ನಾ ನೋಡಿದ್ದಿಲ್ಲ" ಅಂದಳು.

ರೈತನಿಗೆ ಬೇಸರ ಬಂದಿತ್ತು. ಆಡಕಿ ಅಮ್ಮಿಯ ತವರೂರು, ಅವನು ಚಿಕ್ಕವನಿದ್ದಾಗಿನಿಂದ ಅಮ್ಮಿಯನ್ನು ಅಕ್ಕ ಎಂದೇ ಕರೆಯುವವನು. "ಎರಡು ಹಲ್ಲು ಬಂದಾವ ಅಕ್ಕಾ. ವರ್ಷ ತುಂಬಿ ಮ್ಯಾಲ ನಾಕು ತಿಂಗಳಾಗ್ಯಾದ. ಇನ್ನಾ ಏನ್ ನೋಡ್ಲಾಕತ್ತಿ?" ಅಂದ.

"ನಾ ಮೊದಲನೇ ಸಲ ತಗೋಳಾಕತ್ತೀನಿ ತಮ್ಮಾ. ನೋಡ್ಲಾಕ ಬಿಡು."

ಹೌದು, ಎಪ್ಪತ್ತರ ಹತ್ತಿರ ಬಂದಿದ್ದ ಅಮ್ಮಿಗೆ ಅದು ಮೊದಲನೆಯ ಕುರ್ಬಾನಿ, ಬಕ್ರೀದಿಗೆ ಕೊಡುವ ಬಲಿ. ಅಪ್ಪ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದವರು, ಅಮ್ಮಿ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಿಡಿಸುವ ಮಷೀನಿನ ಮುಂದೆ ನೀರು ಹಾಕುತ್ತ, ಕೆಸರು ಒರೆಸುತ್ತ ಜೀವ ಸವೆಸಿದವಳು. ಬಕ್ರೀದಿನ ಮಾಂಸವನ್ನು ಮೂರು ಪಾಲು ಮಾಡುತ್ತಾರೆ. ಒಂದು ಮನೆಗೆ, ಒಂದು ನೆಂಟರು ಸ್ನೇಹಿತರಿಗೆ, ಇನ್ನೊಂದು ಕೊಳ್ಳಲಾಗದವರಿಗೆ. ಆ ಮೂರನೆಯ ಪಾಲಿನ ಮನೆ ನಮ್ಮದು. ಹಬ್ಬದ ದಿನ ಮಧ್ಯಾಹ್ನ ನಾನು ಪಾತ್ರೆ ತೊಳೆದಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿರುತ್ತಿದ್ದೆ. ಒಂದೊಂದೇ ಮನೆಯಿಂದ ಪೊಟ್ಟಣ ಬರುತ್ತಿತ್ತು. ಎಲುಬು ಹೆಚ್ಚು, ಮಾಂಸ ಕಡಿಮೆ. ಆದರೂ ಆ ಮೂರು ದಿನ ನಾವು ಹೊಟ್ಟೆ ತುಂಬ ಉಣ್ಣುತ್ತಿದ್ದೆವು, ಕೊಟ್ಟವರ ಬಗ್ಗೆ ನನಗೆ ಇವತ್ತಿಗೂ ದೂರಿಲ್ಲ. ಅವರ ಉಪ್ಪಿನ ಋಣ ನನ್ನ ಮೈಯಲ್ಲಿದೆ.

ನನಗೆ ಸರ್ಕಾರಿ ಶಾಲೆಯಲ್ಲಿ ನೌಕರಿ ಸಿಕ್ಕಿ, ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಆರು ವರ್ಷ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸಿ, ಕೊನೆಗೆ ಶಹಾಬಾದಿಗೇ ವರ್ಗವಾಗಿ ಬಂದೆ. ಅಷ್ಟೊತ್ತಿಗೆ ಅಪ್ಪ ತೀರಿಕೊಂಡಿದ್ದರು. ನನ್ನ ಹೆಸರಿನ ಕುರ್ಬಾನಿಯನ್ನು ನಾನು ಬೇರೆ ಊರಿನ ಮದರಸಾಕ್ಕೆ ಹಣ ಕಳಿಸಿ ಅಲ್ಲೇ ಮಾಡಿಸಿ ಹಂಚಿಸುತ್ತಿದ್ದೆ. ಕಳಿಸಿದೆ, ಮುಗಿಯಿತು, ಕೈ ತೊಳೆದುಕೊಂಡೆ ಎನ್ನುವ ಜಾತಿಯವಳು ನಾನು. ಹೋದ ವರ್ಷ ಅಮ್ಮಿಗೆ ಎರಡು ಬಂಗಾರದ ಬಳೆ ಮಾಡಿಸಿ ಹಾಕಿದೆ. ಅವನ್ನು ಕಂಡ ಓಣಿಯ ಹೆಂಗಸೊಬ್ಬಳು, ಇಷ್ಟು ಬಂಗಾರ ಇದ್ದವರ ಮೇಲೆ ಕುರ್ಬಾನಿ ಕಡ್ಡಾಯವಾಗುತ್ತದೆ ಎಂದು ಹೇಳಿದಳಂತೆ. ಅಮ್ಮಿ ಬಡ್ತಿ ಸಿಕ್ಕ ಗುಮಾಸ್ತನಂತೆ ಮನೆಗೆ ಬಂದಳು. "ನನ್ನ ಮ್ಯಾಲ ವಾಜಿಬ್ ಆಗ್ಯಾದಂತ ಬೇಟಾ" ಎಂದು ಸಂಜೆಯೊಳಗೆ ನಾಲ್ಕು ಸಲ ಹೇಳಿದಳು. ಮೈಮೇಲೆ ಬಿದ್ದ ಹೊಣೆಯನ್ನು ಇಷ್ಟು ಖುಷಿಯಿಂದ ಹೊತ್ತವರನ್ನು ನಾನು ನೋಡಿಲ್ಲ.

ಮನೆಯಲ್ಲಿ ನಮ್ಮದು ದಖನಿ ಉರ್ದು, ಕನ್ನಡ ಎರಡೂ ಕಲಸಿದ ಮಾತು. ಅಮ್ಮಿ ಮುದ್ದು ಮಾಡುವುದು ದಖನಿಯಲ್ಲಿ, ಬೈಯುವುದು ಆಡಕಿಯ ಕನ್ನಡದಲ್ಲಿ. ಹಾಗಾಗಿ ನನಗೆ ಕನ್ನಡ ಚೆನ್ನಾಗಿ ಬರುತ್ತದೆ.

ಅಂತೂ ಹೋತ ನಮ್ಮದಾಯಿತು. ಕಂದು ಮೈ, ಹಣೆಯಲ್ಲಿ ಬಿಳಿ ಮಚ್ಚೆ, ಎಲ್ಲರನ್ನೂ ಅನುಮಾನದಿಂದ ನೋಡುವ ಹಳದಿ ಕಣ್ಣು. ಟಂಟಂ ಆಟೋ ಗೊತ್ತು ಮಾಡಿ ಸೇಡಂ ದಾಟಿ, ಮಳಖೇಡದ ಹತ್ತಿರ ಆದಿತ್ಯನಗರದ ಕಾರ್ಖಾನೆಯ ಧೂಳು ಕೂತು ಸಿಮೆಂಟು ಬಣ್ಣವಾದ ಗಿಡಗಳನ್ನು ದಾಟಿ ಹೊರಟೆವು. ದಂಡೋತಿ ಹತ್ತಿರ ಬಂದಾಗ ಅಮ್ಮಿ ಗಾಡಿ ನಿಲ್ಲಿಸಿ, ಕಾಗಿಣಾ ನದಿಯ ನೀರನ್ನು ಕೊಡದಲ್ಲಿ ತುಂಬಿ ತಂದು ಕುಡಿಸಿದಳು. ಹೋತ ಎರಡು ಗುಟುಕು ಕುಡಿದು ನನ್ನ ಚಪ್ಪಲಿಯ ಮೇಲೆ ಉಚ್ಚೆ ಹೊಯ್ಯಿತು. ಚಿತ್ತಾಪುರದವರೆಗೂ ನಾನು ಗೊಣಗಿದೆ. ವಾಡಿ ದಾಟುವಷ್ಟರಲ್ಲಿ ಅದು ನನ್ನ ತೊಡೆಯ ಮೇಲೆ ಗದ್ದ ಊರಿ ನಿದ್ದೆ ಮಾಡುತ್ತಿತ್ತು, ನಾನು ಕಾಲು ಜೋಮು ಹಿಡಿದರೂ ಅಲುಗಾಡದೆ ಕೂತಿದ್ದೆ.

ಹಬ್ಬಕ್ಕೆ ಇನ್ನೂ ಹದಿನೈದು ದಿನವಿತ್ತು. ನನಗೆ ಬೇಸಿಗೆ ರಜೆ. ಅಮ್ಮಿ ಅದನ್ನು ಮೆಹಮಾನ್, ಅಂದರೆ ಮನೆಗೆ ಬಂದ ಅತಿಥಿ ಎಂದೇ ಅನ್ನುತ್ತಿದ್ದಳು. ನಾನೊಂದು ಹೆಸರಿಡಲು ಹೋದೆ. "ಹೆಸರು ಇಡಬ್ಯಾಡ. ಹೆಸರು ಹಿಡದು ಕರದ್ರ ಬರ್ತದ. ಬಂದದ್ದನ್ನ ಕಳಸೋದು ಭಾರ ಆಗ್ತದ" ಎಂದು ತಡೆದಳು. ಬೆಳಿಗ್ಗೆ ನೆನೆಸಿದ ತೊಗರಿ ಹೊಟ್ಟು, ಮಧ್ಯಾಹ್ನ ಬೇವಿನ ಸೊಪ್ಪು, ಸಂಜೆ ಜಾಲಿಕಾಯಿ. ನಲ್ಲಿಯ ನೀರು ಅದಕ್ಕೆ ಹಿಡಿಸಲಿಲ್ಲ. ಅಮ್ಮಿ ಎರಡು ಓಣಿ ಆಚೆಯ ಬಾವಿಯಿಂದ ನೀರು ತಂದಳು. ಮೂರನೆಯ ದಿನದಿಂದ ಮೆಹಮಾನ್ ಸಾಹೇಬರು ಬಾಗಿಲಲ್ಲಿ ನಿಂತು ಕೂಗಿ ಕರೆದು ಊಟ ಕೇಳತೊಡಗಿದರು.

ಹಬ್ಬದ ತಿಂಗಳ ಚಂದ್ರ ಕಂಡ ಮೇಲೆ ಕುರ್ಬಾನಿ ಕೊಡುವವರು ಹಬ್ಬದವರೆಗೂ ಉಗುರು, ಕೂದಲು ತೆಗೆಯುವುದಿಲ್ಲ. ಅಮ್ಮಿಗೆ ಇದು ದೊಡ್ಡ ಸಂಭ್ರಮ. ತರಕಾರಿಯವಳ ಮುಂದೆ ಕೈ ಚಾಚಿ, "ಉಗುರು ಬೆಳದಾವ, ತೆಗೆಯಂಗಿಲ್ಲ ಈಗ" ಎಂದು ಕೇಳದಿದ್ದರೂ ಹೇಳುತ್ತಿದ್ದಳು. ಮಷೀನಿನ ನೀರಲ್ಲಿ ನೆನೆದು ಸವೆದುಹೋಗಿದ್ದ ಆ ಉಗುರುಗಳು ಅಷ್ಟು ಬೆಳೆದದ್ದನ್ನು ನಾನೂ ಮೊದಲ ಸಲ ನೋಡಿದ್ದೆ.

ಹಬ್ಬಕ್ಕೆ ಐದು ದಿನ ಉಳಿದಿದ್ದಾಗ ನನ್ನ ಕೈಯಿಂದ ಅನಾಹುತವಾಯಿತು.

ನಮ್ಮೂರಿನ ಬಿಸಿಲಿನ ವಿಷಯ ಹೊರಗಿನವರಿಗೆ ಹೇಳಿದರೆ ಉತ್ಪ್ರೇಕ್ಷೆ ಅನ್ನುತ್ತಾರೆ. ಊರೆಲ್ಲ ಕಲ್ಲು. ಗೋಡೆ ಕಲ್ಲು, ಮಾಳಿಗೆ ಕಲ್ಲು, ಓಣಿಗೆ ಹಾಸಿದ್ದೂ ಕಲ್ಲು. ಮಧ್ಯಾಹ್ನ ಅಂಗಳದ ಪರಸಿ ಹೆಂಚಿನ ಹಾಗೆ ಕಾದಿತ್ತು. ಅಮ್ಮಿ ಜಾಲಿಕಾಯಿ ತರಲು ಹೋಗಿದ್ದಳು. ನೆರಳಲ್ಲಿ ಕಟ್ಟಿದ್ದರೂ ಹೋತ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಅದನ್ನು ಮನೆಯೊಳಗೆ ಬಿಡಬೇಡ ಎಂದು ಅಮ್ಮಿ ಮೊದಲ ದಿನವೇ ಹೇಳಿದ್ದಳು. ಗಲೀಜಾಗುತ್ತದೆ ಎಂದು ಹೇಳಿರಬೇಕು ಅಂದುಕೊಂಡಿದ್ದೆ. ಗಲೀಜಾದರೆ ತೊಳೆದರಾಯಿತು, ನಾನೇನು ಕೈಲಾಗದವಳೇ ಎಂದು ಹಗ್ಗ ಬಿಚ್ಚಿ ಒಳಗೆ ಕರೆದುಕೊಂಡೆ. ಪಡಸಾಲೆಯನ್ನು ಆಗಷ್ಟೇ ಸೋಪಿನ ಪುಡಿ ಹಾಕಿ ಒರೆಸಿದ್ದೆ.

ಆ ನೆಲ ಅಮ್ಮಿಯದು. ಮಷೀನಿನಲ್ಲಿ ಮೂಲೆ ಮುಕ್ಕಾಗಿ ಮಾರಾಟಕ್ಕೆ ಬಾರದ ಕಲ್ಲುಗಳನ್ನು ಮಾಲಕರನ್ನು ಕೇಳಿ ಪಡೆದು, ಕೆಲಸ ಮುಗಿದ ಮೇಲೆ ತಾನೇ ಪಾಲಿಶ್ ಹಿಡಿಸಿ, ವರ್ಷಗಟ್ಟಲೆ ಒಂದೊಂದನ್ನೇ ತಲೆಯ ಮೇಲೆ ಹೊತ್ತು ತಂದು ಹಾಸಿದ್ದು. ಪಡಸಾಲೆಯ ಕಲ್ಲಿನಲ್ಲಿ ಮುಖ ನೋಡಿಕೊಂಡು ನಾನು ಜಡೆ ಹಾಕಿಕೊಂಡದ್ದಿದೆ. ಮನುಷ್ಯರ ಕಾಲಿಗೆ ಆ ನುಣುಪು ರೂಢಿ. ಹೊಲದ ಮಣ್ಣಲ್ಲಿ ಬೆಳೆದು, ಇಲ್ಲಿ ಅಂಗಳದ ಒರಟು ಕಲ್ಲನ್ನಷ್ಟೇ ಕಂಡಿದ್ದ ಹೋತ ಎರಡು ಹೆಜ್ಜೆ ಇಟ್ಟಿತು, ಮೂರನೆಯದಕ್ಕೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿದವು. ಏಳಲು ಒದ್ದಾಡಿ ಮತ್ತೆ ಜಾರಿತು. ಎದ್ದಾಗ ಹಿಂದಿನ ಎಡಗಾಲನ್ನು ಮೇಲೆತ್ತಿಕೊಂಡೇ ನಿಂತಿತ್ತು.

ಶಾಲೆಗೆ ಹೋದವಳು, ಕುಂಟು ಪ್ರಾಣಿ ಕುರ್ಬಾನಿಗೆ ನಡೆಯುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಅಮ್ಮಿ ಆಡಕಿಯಲ್ಲಿ ಅದನ್ನು ನಾಲ್ಕು ಸಲ ನಡೆಸಿ ನೋಡಿದ್ದು ಅದಕ್ಕೇ.

ಜಾಲಿಕಾಯಿಯ ಚೀಲ ಹೊತ್ತು ಬಂದ ಅಮ್ಮಿ ಎಲ್ಲವನ್ನೂ ಒಂದೇ ನೋಟಕ್ಕೆ ತಿಳಿದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. "ಡಾಕ್ಟರ್ ಸಾಬರನ್ನ ಕರಕೊಂಡು ಬಾ" ಅಂದಳು ಅಷ್ಟೇ.

ನಮ್ಮ ಓಣಿಯ ಹಿಂದಿನ ಬೀದಿಯಲ್ಲಿ ದನದ ಡಾಕ್ಟರಾಗಿ ನಿವೃತ್ತರಾದ ಒಬ್ಬರಿದ್ದಾರೆ. ವೈಷ್ಣವರು. ಮನೆತನದ ಅಣ್ಣತಮ್ಮಂದಿರು ಗುಡಿಯ ಪೂಜೆ ನೋಡಿಕೊಳ್ಳುತ್ತಾರೆ, ಇವರ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಒಳಗೆ ಬರುವುದಿಲ್ಲ. ಬಕ್ರೀದಿಗೆ ಐದು ದಿನ ಇರುವಾಗ ಅಂಥವರ ಬಾಗಿಲಲ್ಲಿ ನಿಂತು ಹೋತದ ಕಾಲು ನೋಡಲು ಬನ್ನಿ ಎಂದು ಹೇಗೆ ಕೇಳುವುದು? ಮಾತು ಜೋಡಿಸಿಕೊಳ್ಳುತ್ತ ಹೋದೆ, ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ. "ಸರ್, ನಮ್ಮ ಹೋತ ಜಾರಿ ಬಿತ್ರಿ" ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಲನ್ನು ಬುಡದಿಂದ ಗೊರಸಿನವರೆಗೆ ಒತ್ತಿ ನೋಡಿದರು. ಹೋತ ಒಂದು ಕಡೆ ಮಾತ್ರ ಕೂಗಿತು.

"ಎಲುಬು ಮುರದಿಲ್ಲ. ತೊಡಿ ನರ ಜಗ್ಗ್ಯಾದ. ಇವತ್ತು ತಣ್ಣೀರ ಪಟ್ಟಿ ಹಾಕ್ರಿ. ನಾಳಿಯಿಂದ ಬಿಸಿನೀರಿಗಿ ಉಪ್ಪು ಹಾಕಿ ಕಾವು ಕೊಡ್ರಿ."

"ಸೂಜಿ ಹಾಕಂಗಿಲ್ಲೇನ್ರಿ ಸಾಬ್?" ಎಂದು ಅಮ್ಮಿ ಕೇಳಿದಳು.

"ನೋಡ್ರಿ, ನಾ ಇದರ ಕಾಲು ನೋಡ್ಲಾಕ ಬಂದೀನಿ. ಮುಂದಿನದು ನನಗ ಗೊತ್ತಿಲ್ಲ" ಎಂದು ಅವರು ಕೈ ಕೊಡವಿಕೊಂಡು ಎದ್ದರು. ಆಮೇಲೆ ಗೋಡೆಯ ಕಡೆ ನೋಡುತ್ತ, "ಸೂಜಿ ಬ್ಯಾಡ. ಔಷಧ ಮಾಂಸದಾಗ ಉಳೀತದ" ಅಂದರು. ಗೊತ್ತಿಲ್ಲದ ವಿಷಯದ ಬಗ್ಗೆ ಅಷ್ಟು ಕಾಳಜಿ ಮಾಡಿದ ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ನನ್ನ ಮನಸ್ಸು ತುಂಬಿ ಬರುತ್ತದೆ.

ಹೊರಡುವಾಗ ಅಂಗಳದ ಸುತ್ತ ಕಣ್ಣಾಡಿಸಿದರು. "ಇದಕ್ಕ ಮಣ್ಣು ಬೇಕ್ರಿ. ಕಲ್ಲಿನ ಮ್ಯಾಲ ಒಮ್ಮೆ ಜಾರಿದ ಪ್ರಾಣಿ ಹೆದರಿ ಕಾಲೇ ಊರಂಗಿಲ್ಲ. ಊರಲಿಲ್ಲಂದ್ರ ನರ ಹಂಗೇ ಬಿಗೀತದ."

ನಮ್ಮ ಮನೆಯಲ್ಲಿ ಗೇಣು ಮಣ್ಣಿರಲಿಲ್ಲ. ಅಂಗಳದಿಂದ ಬಚ್ಚಲಿನವರೆಗೆ ಎಲ್ಲವೂ ಅಮ್ಮಿಯ ಪರಸಿ. ಎಲ್ಲಿಂದಲಾದರೂ ಒಂದು ಗಾಡಿ ಮರಳು ತರಿಸೋಣ ಎಂದು ನಾನು ಫೋನು ಹುಡುಕುತ್ತಿದ್ದೆ. ಅಮ್ಮಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ಹಳೆಯ ಹಾರೆ ತೆಗೆದುಕೊಂಡು ಬಂದು ಅಂಗಳದ ಮೂಲೆಯ ಕಲ್ಲಿನ ಸಂದಿಗೆ ಇಟ್ಟಳು.

"ಅಮ್ಮಿ, ಏನ್ ಮಾಡಾಕತ್ತೀ? ನೀ ಹೊತ್ತು ತಂದ ಕಲ್ಲು ಅವು."

"ನಾನೇ ಹಾಕೀನಿ, ನಾನೇ ತೆಗೀತೀನಿ. ಆ ಕಡಿ ಹಿಡಿ."

ಯಾವ ಕಲ್ಲು ಮೊದಲು ಏಳುತ್ತದೆ, ಯಾವುದರ ಕೆಳಗೆ ಸುಣ್ಣ ಹಾಕಿದೆ, ಯಾವುದಕ್ಕೆ ಬರೀ ಮಣ್ಣಿದೆ ಎಲ್ಲವೂ ಅವಳಿಗೆ ನೆನಪಿತ್ತು. ಸಂಜೆಯೊಳಗೆ ಹನ್ನೆರಡು ಕಲ್ಲು ಎಬ್ಬಿಸಿ ಗೋಡೆಗೆ ಒರಗಿಸಿದೆವು. ಕೆಳಗೆ ಕಪ್ಪು ಮಣ್ಣು ತಣ್ಣಗಿತ್ತು. ನಾನು ಆ ಮನೆಯಲ್ಲಿ ಬೆಳೆದವಳು, ನಮ್ಮ ಅಂಗಳದ ಮಣ್ಣಿನ ಬಣ್ಣ ಅವತ್ತೇ ನೋಡಿದ್ದು. ಹೋತವನ್ನು ಇಬ್ಬರೂ ಎತ್ತಿ ಅದರ ಮೇಲೆ ಇಳಿಸಿದೆವು. ಅದು ಮೂಗು ಊರಿ ಮೂಸಿತು, ಎರಡು ಸಲ ಕೆರೆದು ಮಲಗಿತು. ಅಮ್ಮಿ ಕೈ ನೋಡಿಕೊಂಡಳು. ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೆ ಮುರಿದಿತ್ತು. ಆಗ ಮಾತ್ರ ಅವಳ ಮುಖ ಸಣ್ಣದಾಯಿತು.

ಮುಂದಿನ ಮೂರು ದಿನ ನಾನು ಉಪ್ಪಿನ ಬಿಸಿನೀರಿನ ಬಟ್ಟೆ ಹಿಡಿದು ಆ ಕಾಲಿನ ಸೇವೆ ಮಾಡಿದೆ. ಗಂಡನ ಮನೆಯಲ್ಲಿ ಯಾರ ಕಾಲನ್ನೂ ಒತ್ತಲೊಲ್ಲೆ ಎಂದು ಜಗಳ ಮಾಡಿದವಳು ಹೋತದ ಕಾಲು ಒತ್ತುತ್ತಿದ್ದೇನಲ್ಲ ಎಂದು ಒಬ್ಬಳೇ ನಕ್ಕೆ. ಡಾಕ್ಟರು ಸಂಜೆ ವಾಕಿಂಗಿಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಟೀಚರ್, ನಿಮ್ಮ ಪೇಶಂಟ್ ಹ್ಯಾಂಗಿದ್ದಾರ?" ಎಂದು ಕೇಳಿ ಹೋಗುತ್ತಿದ್ದರು. ಎರಡನೆಯ ದಿನ ಗೊರಸಿನ ತುದಿ ಮಣ್ಣಿಗೆ ತಾಗಿತು. ಮೂರನೆಯ ದಿನ ಕಾಲೂರಿ ಕುಂಟುತ್ತ ನಾಲ್ಕು ಹೆಜ್ಜೆ ನಡೆಯಿತು, ಆದರೆ ಮಣ್ಣು ಮುಗಿದು ಕಲ್ಲು ಶುರುವಾಗುವ ಅಂಚಿಗೆ ಬಂದು ನಿಂತುಬಿಟ್ಟಿತು. ಎಷ್ಟು ಕರೆದರೂ ಅಲ್ಲಿಂದ ಮುಂದೆ ಇಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾವಿಬ್ಬರೂ ಇಮಾಮರ ಮನೆಗೆ ಹೋದೆವು. ಅಮ್ಮಿ ಮೊದಲು ಕೇಳಿದ್ದು ಉಗುರಿನ ವಿಷಯ. ಹೆಬ್ಬೆರಳನ್ನು ಮುಂದೆ ಚಾಚಿ, "ಹಜರತ್, ಇದು ಮುರೀತ್ರಿ. ನನ್ನ ಕುರ್ಬಾನಿ ಕೆಟ್ಟಂಗಾತೇನ್ರಿ?" ಅಂದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು ಇಮಾಮರು. ನಗು ತಡೆದುಕೊಂಡು, "ಅದು ತಾನೇ ಮುರದದ ಅಮ್ಮಾ, ನೀವು ಕತ್ತರಿಸಿಲ್ಲ. ಏನೂ ಆಗಂಗಿಲ್ಲ" ಅಂದರು. ಆಮೇಲೆ ನಾನು ಹೋತದ ಕಾಲಿನ ವಿಷಯ ಹೇಳಿದೆ.

ಅವರು ಸ್ವಲ್ಪ ಯೋಚಿಸಿ ಒಂದು ಪ್ರಶ್ನೆ ಕೇಳಿದರು. "ಅಮ್ಮಾ, ಕುರ್ಬಾನಿ ನಿಮ್ಮ ಮ್ಯಾಲ ವಾಜಿಬ್ ಅದನೋ, ಇಲ್ಲಾ ನೀವು ಖುಷಿಲಿಂದ ಕೊಡ್ಲಾಕತ್ತೀರೋ?" ಮತ್ತೆ ಬಿಡಿಸಿ ಹೇಳಿದರು. ಅನುಕೂಲವಿಲ್ಲದ ಬಡವರು ಸರಿಯಾಗಿದ್ದ ಪ್ರಾಣಿಯನ್ನು ತಂದು, ಆಮೇಲೆ ಅದಕ್ಕೆ ಊನವಾದರೆ ಅದನ್ನೇ ಕೊಡಬಹುದು, ದೇವರು ಅವರಿಂದ ಇನ್ನೊಂದನ್ನು ಕೇಳುವುದಿಲ್ಲ. ಅನುಕೂಲವಿದ್ದವರಿಗೆ ಆ ರಿಯಾಯಿತಿ ಇಲ್ಲ. ಅವರ ಪ್ರಾಣಿ ಕುಂಟಿದರೂ ಚಿಂತೆಯಿಲ್ಲ, ಆದರೆ ನಾಲ್ಕನೆಯ ಕಾಲನ್ನೂ ನೆಲಕ್ಕೆ ಊರಿ, ಕೊಡುವ ಜಾಗಕ್ಕೆ ತಾನೇ ನಡೆದು ಬರಬೇಕು. ಬಾರದಿದ್ದರೆ ಬೇರೆಯದನ್ನು ತರಬೇಕು.

ನನಗೆ ಬಾಗಿಲು ತೆರೆದಂತಾಯಿತು. ಅಮ್ಮಿ ಬಾಯಿ ತೆರೆಯುವ ಮೊದಲೇ, "ಇಲ್ಲ ಹಜರತ್, ಇವರ ಹತ್ರ ಏನೂ ಇಲ್ಲ. ಇವರು ಕಲ್ಲಿನ ಕೆಲಸ ಮಾಡಿದವರು, ಪೆನ್ಶನ್ ಸುದ್ದಾ ಇಲ್ಲ. ಈ ಬಳಿ ನಂದಾವ, ಸುಮ್ಮನ ಹಾಕ್ಕೊಂಡಾರ" ಎಂದುಬಿಟ್ಟೆ.

ಅಮ್ಮಿ ಸೆರಗಿನೊಳಗೆ ಇದ್ದ ಎರಡೂ ಕೈಗಳನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಬಳಿ ನಂದಾವ್ರಿ" ಅಂದಳು. "ಮಗಳು ನನಗ ಕೊಟ್ಟಾಳ. ನನ್ನ ಮ್ಯಾಲ ವಾಜಿಬ್ ಅದ."

ಇಮಾಮರು ನನ್ನ ಕಡೆ ನೋಡಲಿಲ್ಲ. ಅವರ ದೊಡ್ಡ ಗುಣ. ಅಮ್ಮಿಯನ್ನೇ ನೋಡುತ್ತ, "ಹಂಗಾದ್ರ ಅದು ನಡೀಬೇಕಮ್ಮಾ. ದುವಾ ಮಾಡ್ತೀನಿ" ಅಂದರು.

ಹಿಂದಿರುಗುವಾಗ ಅಮ್ಮಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಓಣಿಯ ತಿರುವಿನಲ್ಲಿ ನಿಂತು ತಿರುಗಿದಳು.

"ಬಡವಿ ಆಗೋದು ನಾಚಿಕಿ ಅಲ್ಲ. ಇಡೀ ಆಯುಷ್ಯ ಅದರಾಗೇ ಇದ್ದೆ. ಆದ್ರ ಸುಳ್ಳು ಬಡವಿ ಆಗಂಗಿಲ್ಲ ನಾ. ಆ ಸವಲತ್ತು ಖರೆ ಬಡವರದು. ನಿನ್ನ ತಪ್ಪು ಮುಚ್ಚಾಕ ನನ್ನ ಮತ್ತ ಅಲ್ಲಿಗಿ ತಳ್ಳಬ್ಯಾಡ."

ನನ್ನ ನಾಲಿಗೆ ಎಲ್ಲಾ ಕಡೆ ಮುಂದೆ ಓಡುತ್ತದೆ, ಅವತ್ತು ಅದು ಅಮ್ಮಿಯ ಇಡೀ ವರ್ಷದ ಸಂತೋಷವನ್ನು ತುಳಿದುಕೊಂಡು ಓಡಿತ್ತು. "ಅದು ನಡೀಲಿಲ್ಲಂದ್ರ?" ಎಂದು ಮಾತ್ರ ಕೇಳಿದೆ.

"ಹಬ್ಬ ಮೂರು ದಿನ ಇರ್ತದ. ಬಳಿ ಮಾರಿ ಇನ್ನೊಂದು ತರ್ತೀನಿ."

ನಾನು ಮಾಡಿಸಿ ಹಾಕಿದ ಬಳೆಗಳನ್ನು ನನ್ನ ತಪ್ಪಿಗೇ ಮಾರುವುದು. ಅವತ್ತು ಸಂಜೆಯ ನಮಾಜಿನಲ್ಲಿ ನಾನು ಒಂದು ಹೋತದ ಎಡಗಾಲಿಗಾಗಿ ಬೇಡಿಕೊಂಡಷ್ಟು ಮನಸ್ಸಿಟ್ಟು ನನ್ನ ನೌಕರಿಗೂ ಬೇಡಿಕೊಂಡಿರಲಿಲ್ಲ.

ಹಬ್ಬದ ಬೆಳಿಗ್ಗೆ. ಗಂಡಸರು ಈದ್ಗಾದಿಂದ ನಮಾಜು ಮುಗಿಸಿ ಬಂದರು. ನಮ್ಮ ಓಣಿಯವರೆಲ್ಲ ಕುರ್ಬಾನಿ ಕೊಡುವುದು ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ. ನಮ್ಮ ಮನೆಯಿಂದ ಅಲ್ಲಿಗೆ ಅರವತ್ತು ಹೆಜ್ಜೆ ಇರಬಹುದು, ಅಷ್ಟೂ ಪರಸಿ ಕಲ್ಲು. ಅಮ್ಮಿ ಹೋತದ ಮೈ ಒರೆಸಿ, ನೀರು ಕುಡಿಸಿ ಹಗ್ಗ ಬಿಚ್ಚಿದಳು. ಎಳೆದರೆ ಅದು ತಾನೇ ನಡೆದಂತಾಗುವುದಿಲ್ಲ ಎಂಬುದು ಅವಳ ಲೆಕ್ಕ. ಬೇವಿನ ಟೊಂಗೆ ಹಿಡಿದು ಮುಂದೆ ನಿಂತು ಕರೆದಳು. ಹೋತ ಮಣ್ಣಿನ ಅಂಚಿನವರೆಗೆ ಬಂದು ನಿಂತಿತು. ಎಡಗಾಲನ್ನು ಮತ್ತೆ ಮೇಲಕ್ಕೆ ಎತ್ತಿಕೊಂಡಿತು.

ನಾನು ಒಳಗೆ ಹೋಗಿ ಅಕ್ಕಿಯ ಗೋಣಿಚೀಲ ಖಾಲಿ ಮಾಡಿ ತಂದು ಕಲ್ಲಿನ ಮೇಲೆ ಹಾಸಿದೆ. ಹೋತ ಅದನ್ನು ಮೂಸಿ ಒಂದು ಕಾಲಿಟ್ಟಿತು, ಇನ್ನೊಂದಿಟ್ಟಿತು. ಗೋಣಿ ಜಾರಲಿಲ್ಲ. ನಾಲ್ಕನೆಯದನ್ನೂ ಊರಿತು. ನಮ್ಮ ಮನೆಯಲ್ಲಿದ್ದದ್ದು ಮೂರೇ ಚೀಲ. ಹಿಂದಿನದನ್ನು ಎಳೆದು ಮುಂದೆ ಹಾಸುತ್ತ ಬಾಗಿಲು ದಾಟಿಸಿದೆ. ಹೊಸ ಬಟ್ಟೆ, ಹಣೆಯ ತುಂಬ ಬೆವರು, ನನ್ನ ಬಾಯಲ್ಲಿ ದುವಾ ಮತ್ತು ಬೈಗುಳ ಎರಡೂ ಒಟ್ಟಿಗೆ ಬರುತ್ತಿದ್ದವು. ಎದುರು ಮನೆಯವರು ನೋಡಿದರು. ಒಳಗೆ ಹೋಗಿ ಎರಡು ಗೋಣಿ ತಂದು ಮುಂದೆ ಹಾಸಿದರು. ಪಕ್ಕದ ಮನೆಯಿಂದ ಒಂದು ಹಳೆಯ ಜಮಖಾನೆ ಬಂತು, ಅದರ ಮುಂದಿನ ಮನೆಯಿಂದ ಮೂರು ಚೀಲ. ಯಾರನ್ನೂ ನಾವು ಕೇಳಿರಲಿಲ್ಲ. ಬಿಳಿ ಬಟ್ಟೆ ಹಾಕಿ ಅತ್ತರು ಹಚ್ಚಿಕೊಂಡ ಗಂಡಸರು ಬಗ್ಗಿ ಬಗ್ಗಿ ಗೋಣಿ ಹಾಸಿದರು. ಆ ಅರವತ್ತು ಹೆಜ್ಜೆಯನ್ನು ನಮ್ಮ ಮೆಹಮಾನ್ ಕುಂಟುತ್ತ, ಆದರೆ ನಾಲ್ಕೂ ಕಾಲು ಊರಿ, ಟೊಂಗೆಯ ಎಲೆ ಕಿತ್ತು ತಿನ್ನುತ್ತ ನಡೆಯಿತು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಇಮಾಮರು, "ಆತಮ್ಮಾ, ನಡೀತು" ಅಂದರು.

ಕುರ್ಬಾನಿ ಕೊಡುವವರ ಹೆಸರಾಗಿ ಅಮ್ಮಿಯ ಹೆಸರನ್ನು ಅವತ್ತು ಮೊದಲ ಸಲ ಆ ಜಾಗದಲ್ಲಿ ಹೇಳಿದರು. ಅವಳು ಹೋತದ ಹಣೆಯ ಬಿಳಿ ಮಚ್ಚೆಯ ಮೇಲೆ ಕೈ ಇಟ್ಟು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ನಾನು ಅತ್ತೆ. ಅಳುವುದು ನನಗೆ ಸುಲಭವಾಗಿ ಬರುವುದಿಲ್ಲ, ಅವತ್ತು ಬಂತು. ಹದಿನೈದು ದಿನ ನಮ್ಮ ಕೈಯಿಂದ ತಿಂದು, ನಮ್ಮ ಅಂಗಳದ ಮಣ್ಣಲ್ಲಿ ಮಲಗಿ, ಕೊನೆಗೆ ಅಮ್ಮಿಯ ಮರ್ಯಾದೆಯನ್ನು ತನ್ನ ನೋವಿನ ಕಾಲಿನ ಮೇಲೆ ಹೊತ್ತು ನಡೆದ ಪ್ರಾಣಿಗೆ ನಾನು ಋಣಿ. ಎರಡು ದಿನ ಬಿಟ್ಟು ದಾರಿಯಲ್ಲಿ ಸಿಕ್ಕ ಡಾಕ್ಟರು ಒಂದೇ ಮಾತು ಕೇಳಿದರು, "ನಡೀತಲ್ಲ?" ನಡೀತ್ರಿ ಅಂದೆ. ಅವರು ತಲೆಯಾಡಿಸಿ ಮುಂದೆ ಹೋದರು.

ಹಬ್ಬದ ದಿನ ಮನೆಗೆ ಬಂದ ಮಾಂಸವನ್ನು ಅಮ್ಮಿ ತಾನೇ ಕೂತು ಪಾಲು ಮಾಡಿದಳು. ಮೂರನೆಯ ಪಾಲಿಗೆ ತೊಡೆಯ ಮೆತ್ತಗಿನ ತುಂಡುಗಳನ್ನೂ ಲಿವರನ್ನೂ ಹಾಕುತ್ತಿದ್ದಳು. ನಮಗೆ ಏನು ಉಳಿಯಿತು ಎಂದು ನಾನು ಇಣುಕಿದೆ. ಹೆಚ್ಚಿಗೆ ಎಲುಬೇ. "ಸಾರಿಗಿ ಛಲೋ ಆಗ್ತದ, ನಿನಗ ರೂಢಿ ಅದ" ಅಂದಳು.

ಪೊಟ್ಟಣಗಳನ್ನು ಹೊತ್ತು ನಾವಿಬ್ಬರೂ ಹೊರಟೆವು. ಮೊದಲ ಮನೆ ಪರಸಿ ಕಾರ್ಖಾನೆಯ ಹಿಂದಿನದು. ಅಮ್ಮಿ ಬಿಟ್ಟ ಮಷೀನಿನ ಮುಂದೆ ಈಗ ನಿಲ್ಲುವ ಹೆಂಗಸು ಅಲ್ಲಿರುತ್ತಾಳೆ, ಎರಡು ಸಣ್ಣ ಹೆಣ್ಣುಮಕ್ಕಳ ತಾಯಿ. ಅಮ್ಮಿ ಪೊಟ್ಟಣ ಕೊಟ್ಟಳು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣು ಕೆಳಗೆ ಹಾಕಿ ಬಾಗಿಲಲ್ಲೇ ನಿಂತಳು. ಇನ್ನು ಹೊರಡಬೇಕು, ಬಿಸಿಲು ನೆತ್ತಿಗೆ ಬಂದಿತ್ತು, ನನ್ನ ಕೈಯಲ್ಲಿ ಇನ್ನೂ ಆರು ಪೊಟ್ಟಣ. ಅಮ್ಮಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಗೋಡೆಗೆ ಒರಗಿ ಕೂತಳು.

"ಒಂದೀಟು ಚಹಾ ಇಡವ್ವಾ. ಬಾಯಿ ಒಣಗ್ಯಾದ."

ಆ ಹೆಂಗಸು ತಲೆ ಎತ್ತಿದಳು. "ಖಾಲಾ, ನಮ್ಮ ಮನ್ಯಾಗ ಕುಡೀತೀರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಓಡಿದಳು. ಒಲೆಯ ಹತ್ತಿರ ಪಾತ್ರೆಯ ಸದ್ದು, ಮಕ್ಕಳಿಗೆ ಕಪ್ಪು ತೊಳೆಯಲು ಹೇಳುವ ಸದ್ದು. ನಾನು ಬಾಗಿಲಲ್ಲಿ ನಿಂತು ಹೊತ್ತಾಯಿತು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅಮ್ಮಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿದಳು.

"ಕುಂದ್ರು" ಎಂದು ಸಣ್ಣ ದನಿಯಲ್ಲಿ ಅಂದಳು. "ನಮ್ಮ ಮನಿಗಿ ಇಷ್ಟು ವರ್ಷ ಎಲ್ಲಾರೂ ಕೊಡ್ಲಾಕ ಬಂದ್ರು. ಒಬ್ಬರೂ ಕುಂದರಲಿಲ್ಲ. ಒಂದು ಕಪ್ ಚಹಾ ಕುಡದಿದ್ರ, ನಾನೂ ಏನರೆ ಕೊಟ್ಟಂಗ ಆಗ್ತಿತ್ತು."

ಹಬ್ಬದ ದಿನಗಳಲ್ಲಿ ಅವಳು ನನ್ನ ಹಿಂದೆ ನಿಂತು, ಹೊಸ್ತಿಲಲ್ಲಿ ಪೊಟ್ಟಣ ಕೊಟ್ಟು ತಿರುಗಿ ಹೋಗುವವರ ಬೆನ್ನು ನೋಡುತ್ತಿದ್ದಳು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ನನ್ನ ಕಣ್ಣು ಪಾತ್ರೆಯ ಮೇಲೆ ಇರುತ್ತಿತ್ತು. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ದೇವರಿಗೆ ಎಷ್ಟು ಶುಕ್ರಿಯಾ ಹೇಳಿದರೂ ಕಡಿಮೆ. ಪೊಟ್ಟಣಗಳನ್ನು ಪಕ್ಕಕ್ಕಿಟ್ಟು ನಾನೂ ಗೋಡೆಗೆ ಒರಗಿದೆ.

ಚಹಾ ಬಂತು. ಹಾಲು ಕಡಿಮೆ, ಸಕ್ಕರೆ ಮಾತ್ರ ಕೈಬಿಟ್ಟು ಹಾಕಿದ್ದಳು. ಆ ಹೆಂಗಸು ಎದುರಿಗೆ ಕೂತು ಅಮ್ಮಿಯ ಮುಖವನ್ನೇ ನೋಡುತ್ತಿದ್ದಳು. ಅಮ್ಮಿ ಕೊನೆಯ ಗುಟುಕಿನವರೆಗೆ ಕುಡಿದು, ಖಾಲಿ ಕಪ್ಪನ್ನು ಮತ್ತೆ ಅವಳ ಮುಂದೆ ಹಿಡಿದು, "ಇನ್ನಾ ಅರ್ಧ ಕಪ್ ಹಾಕವ್ವಾ" ಅಂದಳು.